ಮೊಂಬಾಸಾಗೆ ಮೇವಿನ ಯಂತ್ರ: ಯಾವ ಕಾಗದ, ಯಾವಾಗ, ಯಾರು ಮಾಡಿಸಬೇಕು?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಘಟಕ. ಮೇವು ಕತ್ತರಿಸುವ ಯಂತ್ರ, ಅಂದರೆ ಚಾಫ್ ಕಟರ್ ಮಾಡುತ್ತೇವೆ. ಇಲ್ಲಿಯವರೆಗೆ ಮಾರಿದ್ದೆಲ್ಲ ದೇಶದೊಳಗೇ. ಈಗ ಕೆನ್ಯಾದ ನಕುರುವಿನಿಂದ ಒಬ್ಬ ವ್ಯಾಪಾರಿ 20 ಅಡಿಯ ಒಂದು ಕಂಟೇನರ್ ತುಂಬ ಯಂತ್ರ ಮತ್ತು ಬಿಡಿ ಬ್ಲೇಡುಗಳನ್ನು ಕೇಳಿದ್ದಾರೆ. ಮುಂಗಡ ಶೇ. 30, ಉಳಿದದ್ದು ಬಿಲ್ ಆಫ್ ಲೇಡಿಂಗ್, ಅಂದರೆ ಹಡಗು ಕಂಪನಿ ಕೊಡುವ ಸರಕಿನ ರಸೀದಿಯ ಪ್ರತಿ ನೋಡಿದ ಮೇಲೆ. ಬೆಲೆ ಸಿಐಎಫ್ ಇರಬೇಕಂತೆ, ಅಂದರೆ ಸಾಗಣೆ, ವಿಮೆ ಎರಡೂ ಸೇರಿ. ಇನ್‌ವಾಯ್ಸ್‌ನಲ್ಲಿ ಅರ್ಧ ಬೆಲೆ ತೋರಿಸಿ, ಉಳಿದದ್ದನ್ನು ಬೇರೆ ದಾರಿಯಲ್ಲಿ ಕಳಿಸುತ್ತೇನೆ ಅನ್ನುತ್ತಾರೆ. ಗುಣಮಟ್ಟದ ಸರ್ಟಿಫಿಕೇಟ್ ಬಗ್ಗೆ ಕೇಳಿದರೆ, 'ಮೊಂಬಾಸಾದಲ್ಲಿ ನನ್ನ ಏಜೆಂಟ್ ನೋಡ್ಕೋತಾನೆ, ನೀವು ಸರಕು ಕಳಿಸಿ' ಎಂಬ ಉತ್ತರ. ಇತ್ತ ಬೆಂಗಳೂರಿನ ಸಲಹೆಗಾರರೊಬ್ಬರು ಕೆನ್ಯಾ ರಫ್ತು ಪರವಾನಗಿ ಮತ್ತು ಕಾರ್ಗೋ ಟ್ರ್ಯಾಕಿಂಗ್ ನೋಟ್ ಅಂತ ದೊಡ್ಡ ಮೊತ್ತ ಕೇಳುತ್ತಿದ್ದಾರೆ. ಸರ್ಟಿಫಿಕೇಟ್ ಆಫ್ ಒರಿಜಿನ್ ಮಾಡಿಸಿದರೆ ಅಲ್ಲಿ ಸುಂಕ ಕಡಿಮೆಯಾಗುತ್ತೆ ಎಂದು ಸ್ನೇಹಿತರು ಹೇಳುತ್ತಾರೆ. ನಮ್ಮ ಹತ್ತಿರ ಐಇಸಿ (ಆಮದು-ರಫ್ತು ಸಂಖ್ಯೆ) ಇದೆ, ಬೇರೇನೂ ಇಲ್ಲ. ಎಲ್ಲಿಂದ ಶುರು ಮಾಡಲಿ? ಅಥವಾ ಈ ಆರ್ಡರನ್ನೇ ಬಿಟ್ಟುಬಿಡಲಾ?

ಉತ್ತರ: ಆರ್ಡರ್ ಬಿಡಬೇಡಿ. ಆದರೆ ಈಗಿರುವ ಷರತ್ತುಗಳಲ್ಲಿ ಒಪ್ಪಿಕೊಳ್ಳಲೂ ಬೇಡಿ. ಕೆನ್ಯಾದ ಹಾಲು ಉತ್ಪಾದಕ ರೈತರು ನೇಪಿಯರ್ ಹುಲ್ಲು, ಜೋಳದ ದಂಟು ಕತ್ತರಿಸಲು ಇಂಥ ಯಂತ್ರ ಬಳಸುತ್ತಾರೆ. ಭಾರತದ ಯಂತ್ರಗಳಿಗೆ ಅಲ್ಲಿ ಬೇಡಿಕೆ ಇದೆ. ಹಾಗಾಗಿ ಆರ್ಡರ್ ಸುಳ್ಳು ಅಂತ ನನಗೆ ಅನಿಸುತ್ತಿಲ್ಲ. ಅವರು ಹೇಳುತ್ತಿರುವ ದಾರಿ ಮಾತ್ರ ತಪ್ಪು.

ನಿಮ್ಮ ಆತಂಕ ಕಾಗದಗಳು ತುಂಬಾ ಇವೆ ಅನ್ನುವುದು. ಕಸ್ಟಮ್ಸ್ ಕ್ಲಿಯರೆನ್ಸ್ ಕೆಲಸದಲ್ಲಿ ನಾನು ನೋಡಿದ ಹಾಗೆ, ಕಾಗದ ಜಾಸ್ತಿ ಇದ್ದದ್ದರಿಂದ ಕಂಟೇನರ್ ಸಿಕ್ಕಿಬೀಳುವುದು ಕಡಿಮೆ. ತಪ್ಪಾದ ಹೊತ್ತಿಗೆ ಮಾಡಿಸಿದ್ದರಿಂದ ಸಿಕ್ಕಿಬೀಳುತ್ತೆ. ಭಾರತದ ಕಡೆಯ ಕಾಗದಗಳಲ್ಲಿ ಕೆಲವನ್ನು ಆಮೇಲೆ ತಿದ್ದಬಹುದು. ಕೆನ್ಯಾಕ್ಕೆ ಮುಖ್ಯವಾಗಿ ಬೇಕಾದ ಕಾಗದ ಮಾತ್ರ ಹಡಗು ಹೊರಡುವ ಮೊದಲೇ, ಇಲ್ಲೇ ಆಗಬೇಕು. ನಿಮ್ಮ ಖರೀದಿದಾರರು ಮುಂದಕ್ಕೆ ತಳ್ಳುತ್ತಿರುವುದು ಸರಿಯಾಗಿ ಅದನ್ನೇ.

ಮೊದಲು ಆ ಸಲಹೆಗಾರರ ವಿಷಯ ಮುಗಿಸೋಣ. 'ಕೆನ್ಯಾ ರಫ್ತು ಪರವಾನಗಿ' ಅನ್ನುವ ವಸ್ತುವೇ ಇಲ್ಲ. ಭಾರತದಿಂದ ರಫ್ತು ಮಾಡಲು ನಿಮಗೆ ಬೇಕಾದದ್ದು ಐಇಸಿ, ಅದು ನಿಮ್ಮಲ್ಲಿದೆ. ಕೆನ್ಯಾದಲ್ಲಿ ನೋಂದಣಿ ಬೇಕಾದದ್ದು ಆಮದು ಮಾಡುವವರಿಗೆ, ನಿಮಗಲ್ಲ. ಕಾರ್ಗೋ ಟ್ರ್ಯಾಕಿಂಗ್ ನೋಟ್, ಅಂದರೆ ಸರಕಿನ ವಿವರ ಮೊದಲೇ ದಾಖಲಿಸುವ ಪತ್ರ, ನಿಜವಾದ ಕಾಗದವೇ. ಕಾಂಗೋ, ಬೆನಿನ್, ಟೋಗೊ, ಸೆನೆಗಲ್, ಕ್ಯಾಮರೂನ್ ಇಂಥ ದೇಶಗಳಿಗೆ ಸರಕು ಹೋಗುವಾಗ ಅದು ಬೇಕು. ಮೊಂಬಾಸಾದಲ್ಲಿ ಇಳಿದು ಕೆನ್ಯಾದೊಳಗೇ ಮಾರಾಟವಾಗುವ ಸರಕಿಗೆ ಬೇಡ. ಆಫ್ರಿಕಾ ಅಂದರೆ ಒಂದೇ ದೇಶ ಅಂದುಕೊಂಡು ಸಲಹೆ ಕೊಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನೈಜೀರಿಯಾಕ್ಕೆ ಫಾರ್ಮ್ ಎಂ ಎಂಬ ಆಮದು ಅರ್ಜಿ ಬೇಕು, ಸಾನ್‌ಕ್ಯಾಪ್ ಎಂಬ ಗುಣಮಟ್ಟದ ಸರ್ಟಿಫಿಕೇಟ್ ಬೇಕು. ಇಥಿಯೋಪಿಯಾದಲ್ಲಿ ಡಾಲರ್ ಕಳಿಸಬೇಕಾದರೆ ಖರೀದಿದಾರ ಬ್ಯಾಂಕಿನ ಅನುಮತಿಗೆ ಕಾಯಬೇಕು. ಕೆನ್ಯಾ ವಿದೇಶಿ ವಿನಿಮಯ ನಿಯಂತ್ರಣವನ್ನು 1990ರ ದಶಕದಲ್ಲೇ ತೆಗೆದುಹಾಕಿದೆ. ಆ ಮಟ್ಟಿಗೆ ಮೊದಲ ರಫ್ತಿಗೆ ನೀವು ಸುಲಭದ ದೇಶವನ್ನೇ ಆರಿಸಿಕೊಂಡಿದ್ದೀರಿ.

ಸಿಒಸಿ: ಎಲ್ಲಾ ತೊಡಕಿನ ಮೂಲ

ಕೆನ್ಯಾದ ಗುಣಮಟ್ಟ ಸಂಸ್ಥೆ ಕೆನ್ಯಾ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್. ಎಲ್ಲರೂ ಕೆಬ್ಸ್ ಅನ್ನುತ್ತಾರೆ. 2005ರಿಂದ ಅವರು ಪಿವಿಒಸಿ ಎಂಬ ವ್ಯವಸ್ಥೆ ನಡೆಸುತ್ತಿದ್ದಾರೆ. ಕೆನ್ಯಾಕ್ಕೆ ಬರುವ ಸರಕು ಅವರ ಮಾನದಂಡಕ್ಕೆ ಹೊಂದುತ್ತದೆ ಎಂದು, ಸರಕು ಹೊರಡುವ ದೇಶದಲ್ಲೇ ಪರಿಶೀಲಿಸಿ ಸರ್ಟಿಫಿಕೇಟ್ ಆಫ್ ಕನ್ಫರ್ಮಿಟಿ ಕೊಡಬೇಕು. ಇದೇ ಸಿಒಸಿ. ಕೆಬ್ಸ್ ನೇಮಿಸಿದ ಅಂತರರಾಷ್ಟ್ರೀಯ ತಪಾಸಣಾ ಕಂಪನಿಗಳು ಇದನ್ನು ಕೊಡುತ್ತವೆ. ಅವುಗಳ ಕಚೇರಿಗಳು ಭಾರತದಲ್ಲೂ ಇವೆ. ಈ ಕಂಪನಿಗಳ ಪಟ್ಟಿ ಆಗಾಗ ಬದಲಾಗುತ್ತೆ. ಆದ್ದರಿಂದ ಈಗ ಯಾರಿಗೆ ಅಧಿಕಾರ ಇದೆ ಎಂದು ಕೆಬ್ಸ್ ವೆಬ್‌ಸೈಟಿನಲ್ಲೇ ನೋಡಿ, ದಲ್ಲಾಳಿ ಕಳಿಸಿದ ಪಿಡಿಎಫ್ ನಂಬಬೇಡಿ.

'ಮೊಂಬಾಸಾದಲ್ಲಿ ಏಜೆಂಟ್ ನೋಡ್ಕೋತಾನೆ' ಅನ್ನುವ ಮಾತಿನಲ್ಲಿ ಅರ್ಧ ಸತ್ಯ ಇದೆ. ಸಿಒಸಿ ಇಲ್ಲದೆ ಬಂದ ಸರಕನ್ನು ಬಂದರಿನಲ್ಲೇ ಪರಿಶೀಲಿಸುವ ಅವಕಾಶ ಕೆಬ್ಸ್‌ಗೆ ಇದೆ. ಆದರೆ ಅದು ವಿನಾಯಿತಿ ಅಲ್ಲ, ದಂಡದ ದಾರಿ. ಶುಲ್ಕ ಇಲ್ಲಿ ಕೊಡುವುದಕ್ಕಿಂತ ಹಲವು ಪಟ್ಟು ಜಾಸ್ತಿ. ಮಾದರಿ ತೆಗೆದು, ಲ್ಯಾಬಿಗೆ ಕಳಿಸಿ, ವರದಿ ಬರುವವರೆಗೆ ಕಂಟೇನರ್ ನಿಂತೇ ಇರುತ್ತೆ. ಬಂದರಿನ ಬಾಡಿಗೆ ಒಂದು ಕಡೆ, ಕಂಟೇನರ್ ತಡವಾದದ್ದಕ್ಕೆ ಹಡಗು ಕಂಪನಿ ಹಾಕುವ ಡಿಮರೇಜ್ ಇನ್ನೊಂದು ಕಡೆ, ಎರಡೂ ದಿನದ ಲೆಕ್ಕದಲ್ಲಿ ಏರುತ್ತವೆ. ಪರೀಕ್ಷೆಯಲ್ಲಿ ಯಂತ್ರ ಸೋತರೆ ವಾಪಸ್ ತರಬೇಕು, ಇಲ್ಲ ನಾಶ ಮಾಡಬೇಕು. ಆ ಹೊತ್ತಿಗೆ ಖರೀದಿದಾರರು ಕಟ್ಟಿರುವುದು ಶೇ. 30 ಮಾತ್ರ. ಉಳಿದ 70 ಯಾರದ್ದು? ನಿಮ್ಮದು. ಸಿಒಸಿ ಅವರ ತಲೆನೋವು ಅಂತ ನೀವು ಕೈಬಿಡಲಾಗದು ಅನ್ನುವುದು ಈ ಕಾರಣಕ್ಕೆ.

ಖರ್ಚಿನ ವಿಷಯ. ಪ್ರತಿ ಸಲದ ಪರಿಶೀಲನೆಗೆ ಶುಲ್ಕ ಎಫ್‌ಒಬಿ ಬೆಲೆಯ (ಹಡಗಿಗೆ ಏರಿಸುವವರೆಗಿನ ಬೆಲೆ) ಶೇ. 1ಕ್ಕಿಂತ ಕಡಿಮೆಯೇ. ಆದರೆ ಒಂದು ಕನಿಷ್ಠ ಮೊತ್ತ ಇದೆ, ಡಾಲರ್ ಲೆಕ್ಕದಲ್ಲಿ. ಸಣ್ಣ ಸರಕಿಗೆ ಅದೇ ಭಾರ ಅನಿಸುತ್ತೆ, ಇಡೀ ಕಂಟೇನರಿಗೆ ಅಷ್ಟಾಗಿ ಅಲ್ಲ. ಲ್ಯಾಬ್ ಪರೀಕ್ಷೆಯ ಖರ್ಚು ಬೇರೆ.

ಈ ವ್ಯವಸ್ಥೆಯಲ್ಲಿ ಮೂರು ಮಾರ್ಗ ಇವೆ. ಎ ಮಾರ್ಗದಲ್ಲಿ ಪ್ರತಿ ಸಲವೂ ಪರೀಕ್ಷೆ ಮತ್ತು ತಪಾಸಣೆ ಎರಡೂ. ಬಿ ಮಾರ್ಗದಲ್ಲಿ ನಿಮ್ಮ ಉತ್ಪನ್ನವನ್ನು ಮೊದಲೇ ನೋಂದಾಯಿಸುತ್ತೀರಿ, ಆಮೇಲೆ ಪರೀಕ್ಷೆ ಪ್ರತಿ ಸಲ ಬೇಡ, ತಪಾಸಣೆ ಸಾಕು. ಸಿ ಮಾರ್ಗ ದೊಡ್ಡ ತಯಾರಕರಿಗೆ. ಕಾರ್ಖಾನೆಯನ್ನೇ ಪರಿಶೀಲಿಸಿ ಲೈಸೆನ್ಸ್ ಕೊಡುತ್ತಾರೆ. ನೀವು ಈಗ ಎ ಮಾರ್ಗದಲ್ಲೇ ಹೋಗಿ. ಎರಡನೇ ಆರ್ಡರ್ ಖಾತ್ರಿಯಾದರೆ ಬಿ ಬಗ್ಗೆ ಯೋಚಿಸಿ. ಶುರುವಿನಲ್ಲೇ ನೋಂದಣಿಗೆ ದುಡ್ಡು ಸುರಿಯಿರಿ ಅಂತ ಯಾರಾದರೂ ಹೇಳಿದರೆ ಅದು ಅವರ ಕಮಿಷನ್ ಮಾತು.

ಐಎಸ್‌ಐ ಗುರುತು ಇದೆ, ಐಎಸ್‌ಒ ಸರ್ಟಿಫಿಕೇಟ್ ಇದೆ, ಮತ್ತೆ ಇದ್ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಅವು ನೆರವಿಗೆ ಬರುತ್ತವೆ, ಸಿಒಸಿಯ ಜಾಗ ತುಂಬುವುದಿಲ್ಲ. ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿನ ಪರೀಕ್ಷಾ ವರದಿ ನಿಮ್ಮ ಕೈಯಲ್ಲಿದ್ದರೆ ಮಾತ್ರ ಕೆಲಸ ಬೇಗ ಮುಗಿಯುತ್ತೆ.

ಇಲ್ಲೇ ನಿಮ್ಮಂಥ ಘಟಕಗಳು ಎಡವುವುದು. ಕಟರ್ ನೀವೇ ಮಾಡುತ್ತೀರಿ, ಮೋಟಾರ್ ಹೊರಗಿನಿಂದ ಕೊಳ್ಳುತ್ತೀರಿ ಅಲ್ವಾ? ತಪಾಸಣೆಯವರು ಮೊದಲು ನೋಡುವುದು ಆ ಮೋಟಾರನ್ನೇ. ಅದರ ಮೇಲೆ ವೋಲ್ಟೇಜ್, ಫ್ರೀಕ್ವೆನ್ಸಿ, ಶಕ್ತಿ, ಕ್ರಮಸಂಖ್ಯೆ ಇರುವ ನೇಮ್‌ಪ್ಲೇಟ್ ಇರಬೇಕು. ಕೊಟ್ಟವರಿಂದ ಪರೀಕ್ಷಾ ವರದಿ ಬೇಕು. ರಸೀದಿ ಇಲ್ಲದೆ ಕೊಂಡ ಅಗ್ಗದ ಮೋಟಾರಿಗೆ ವರದಿ ಎಲ್ಲಿಂದ ಬರಬೇಕು? ಕೆನ್ಯಾದಲ್ಲಿ ವಿದ್ಯುತ್ 240 ವೋಲ್ಟ್, 50 ಹರ್ಟ್ಜ್. ಅದು ನಮಗೆ ಹೊಂದುತ್ತೆ. ಪ್ಲಗ್ ಮಾತ್ರ ಬೇರೆ. ಬ್ರಿಟಿಷರ ಮೂರು ಚೌಕ ಪಿನ್ನಿನ ಪ್ಲಗ್ ಅಲ್ಲಿಯದು. ನಮ್ಮ ಗುಂಡು ಪಿನ್ನಿನ ಪ್ಲಗ್ ಹಾಕಿ ಕಳಿಸಿದರೆ ತಪಾಸಣೆಯಲ್ಲೇ ತಡೆಯುತ್ತಾರೆ. ಬ್ಲೇಡಿಗೆ ಗಟ್ಟಿಯಾದ ಗಾರ್ಡ್ ಇರಲಿ. ಕೈ ಒಳಗೆ ಹೋಗದಂತೆ ಹುಲ್ಲು ಹಾಕುವ ಬಾಯಿ ಉದ್ದ ಇರಲಿ. ತಯಾರಕರ ಹೆಸರು, ವಿಳಾಸ, ಮಾದರಿ, ಭಾರತದಲ್ಲಿ ತಯಾರಾದದ್ದು ಎಂಬ ಸಾಲು ಯಂತ್ರದ ಮೇಲೇ ಬೇಕು. ಬಳಕೆಯ ಪುಸ್ತಕ ಇಂಗ್ಲಿಷ್ ಅಥವಾ ಸ್ವಾಹಿಲಿಯಲ್ಲಿ ಇರಲಿ. ಯಂತ್ರದ ಮೇಲೆ ಅಪಾಯದ ಎಚ್ಚರಿಕೆ ಕನ್ನಡ, ಹಿಂದಿಯಲ್ಲಿದ್ದರೆ ನಕುರುವಿನ ರೈತರಿಗೆ ಅದರಿಂದ ಏನು ಉಪಯೋಗ?

ಕ್ರಮ ಹೀಗಿರಲಿ

ಮೊದಲು ಪ್ರೊಫಾರ್ಮಾ ಇನ್‌ವಾಯ್ಸ್, ಅಂದರೆ ಸರಕು ಕಳಿಸುವ ಮೊದಲು ಕೊಡುವ ಇನ್‌ವಾಯ್ಸ್. ಇದನ್ನು ಸುಮ್ನೆ ಕೊಟೇಶನ್ ಅಂದುಕೊಂಡು ಗೀಚಬೇಡಿ. ಮುಂದಿನ ಎಲ್ಲ ಕಾಗದಕ್ಕೂ ಇದೇ ತಾಯಿ. ಇದನ್ನು ಇಟ್ಟುಕೊಂಡು ಖರೀದಿದಾರರು ಅಲ್ಲಿನ ಆನ್‌ಲೈನ್ ವ್ಯವಸ್ಥೆಯಲ್ಲಿ ಐಡಿಎಫ್, ಅಂದರೆ ಆಮದು ಘೋಷಣೆ ಸಲ್ಲಿಸುತ್ತಾರೆ. ಐಡಿಎಫ್ ಸಂಖ್ಯೆ ಬಂದ ಮೇಲೆ ಅದನ್ನು ನಿಮಗೆ ಕಳಿಸುತ್ತಾರೆ. ಆ ಸಂಖ್ಯೆ, ಪ್ರೊಫಾರ್ಮಾ, ಪರೀಕ್ಷಾ ವರದಿಗಳನ್ನು ಜೋಡಿಸಿ ನೀವು ತಪಾಸಣಾ ಕಂಪನಿಗೆ ಅರ್ಜಿ ಹಾಕುತ್ತೀರಿ. ಅವರು ಕಾಗದ ನೋಡುತ್ತಾರೆ, ಪರೀಕ್ಷೆ ಬೇಕಾದರೆ ಹೇಳುತ್ತಾರೆ, ಆಮೇಲೆ ನಿಮ್ಮ ಕಾರ್ಖಾನೆಗೆ ಬರುತ್ತಾರೆ. ಸರಕು ಪೂರ್ತಿ ತಯಾರಾಗಿ, ಪ್ಯಾಕ್ ಆಗುವ ಹಂತದಲ್ಲಿರಬೇಕು. ಕಂಟೇನರ್ ಬಾಗಿಲು ಮುಚ್ಚಿ ಸೀಲ್ ಹಾಕಿದ ಮೇಲೆ ಅವರನ್ನು ಕರೆದರೆ ಎಲ್ಲ ಬಿಚ್ಚಬೇಕಾಗುತ್ತೆ. ಕೊನೆಗೆ ಅಂತಿಮ ಇನ್‌ವಾಯ್ಸ್ ಕೊಟ್ಟ ಮೇಲೆ ಸಿಒಸಿ ಬರುತ್ತೆ.

ಐಡಿಎಫ್ ಸಂಖ್ಯೆ ಕೊಡಲು ಖರೀದಿದಾರರು ಹಿಂದೇಟು ಹಾಕಿದರೆ ಎಚ್ಚರ. ಅದಿಲ್ಲದೆ ಅವರು ಕಾನೂನಿನ ಪ್ರಕಾರ ಸರಕು ಬಿಡಿಸಲಾಗದು. ಹಾಗಾದರೆ ಯಾರ ಹೆಸರಲ್ಲಿ ಬಿಡಿಸುತ್ತಾರೆ ಅಂತ ನೇರವಾಗಿ ಕೇಳಿ. ಬೇರೊಬ್ಬರ ಕಂಪನಿ ಹೆಸರಲ್ಲಿ ತರಿಸಿ ಹಂಚಿಕೊಳ್ಳುವುದು ಅಲ್ಲಿ ನಡೆಯುತ್ತೆ. ಆಗ ಬಿಲ್ ಆಫ್ ಲೇಡಿಂಗ್‌ನಲ್ಲಿ ಹೆಸರು ಯಾರದ್ದು, ಹಣ ಕೊಡುವವರು ಯಾರು ಅನ್ನುವುದು ಒಂದಕ್ಕೊಂದು ಹೊಂದದೆ, ನಿಮ್ಮ ಬ್ಯಾಂಕಿನಲ್ಲಿ ತಕರಾರು ಶುರುವಾಗುತ್ತೆ.

ಈ ಕ್ರಮದುದ್ದಕ್ಕೂ ಒಂದೇ ನಿಯಮ. ಎಲ್ಲ ಕಾಗದದಲ್ಲೂ ವಿವರ ಒಂದೇ ಆಗಿರಲಿ. ಯಂತ್ರದ ಎಚ್‌ಎಸ್ ಕೋಡ್, ಅಂದರೆ ಕಸ್ಟಮ್ಸ್‌ನಲ್ಲಿ ಸರಕನ್ನು ಗುರುತಿಸುವ ಸಂಖ್ಯೆ, ಸಾಮಾನ್ಯವಾಗಿ 8436.10, ಮೇವು ತಯಾರಿಸುವ ಯಂತ್ರಗಳ ಗುಂಪು. ಬಿಡಿ ಬ್ಲೇಡ್ ಅದರೊಳಗೆ ಬರುವುದಿಲ್ಲ. ಕೃಷಿ ಯಂತ್ರದ ಬ್ಲೇಡುಗಳಿಗೆ 8208.40 ಎಂಬ ಬೇರೆ ಕೋಡ್ ಇದೆ. ಬಿಡಿ ಮೋಟಾರ್ ಕಳಿಸಿದರೆ ಅದಕ್ಕೆ 8501. ಮೂರನ್ನೂ 'ಚಾಫ್ ಕಟರ್ ಮತ್ತು ಬಿಡಿಭಾಗ' ಅಂತ ಒಂದೇ ಸಾಲಿನಲ್ಲಿ ಬರೆದರೆ, ಮೊಂಬಾಸಾದಲ್ಲಿ ಪೆಟ್ಟಿಗೆ ತೆರೆದಾಗ ಪ್ರಶ್ನೆ ಏಳುತ್ತೆ. ಕೋಡಿನ ಮೊದಲ 6 ಅಂಕಿ ಎರಡೂ ದೇಶದಲ್ಲಿ ಒಂದೇ. ಐಡಿಎಫ್‌ನಲ್ಲಿ ಅವರು ಹಾಕಿದ್ದನ್ನು, ನಿಮ್ಮ ಶಿಪ್ಪಿಂಗ್ ಬಿಲ್‌ನಲ್ಲಿ (ನಮ್ಮ ಕಸ್ಟಮ್ಸ್‌ಗೆ ಕೊಡುವ ರಫ್ತು ಘೋಷಣೆ) ಇರುವುದನ್ನು ಅಕ್ಕಪಕ್ಕ ಇಟ್ಟು ನೋಡಿ. ಯಂತ್ರಗಳ ಸಂಖ್ಯೆ, ನಿವ್ವಳ ತೂಕ, ಒಟ್ಟು ತೂಕ ಇವೂ ಅಷ್ಟೇ.

ಅರ್ಧ ಬೆಲೆಯ ಇನ್‌ವಾಯ್ಸ್

ಇದಕ್ಕೆ ನನ್ನ ಉತ್ತರ ಚಿಕ್ಕದು. ಬೇಡ. ಕಾರಣ ಹೇಳುತ್ತೇನೆ.

ರಫ್ತಿನ ಬೆಲೆ ಸುಳ್ಳು ತೋರಿಸುವುದು ನಮ್ಮ 1962ರ ಕಸ್ಟಮ್ಸ್ ಕಾಯ್ದೆಯಲ್ಲಿ ಅಪರಾಧ. ಸರಕು ಮುಟ್ಟುಗೋಲಿಗೂ ಅವಕಾಶ ಇದೆ. 'ಬೇರೆ ದಾರಿ'ಯಲ್ಲಿ ಬರುವ ಉಳಿದರ್ಧ ಹಣ ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆಯ ಬಲೆಗೆ ಬೀಳುತ್ತೆ. ಅದು ಬಾರದೇ ಹೋದರೆ ಕೇಳಲು ನಿಮ್ಮ ಬಳಿ ಒಂದು ಚೀಟಿಯೂ ಇರುವುದಿಲ್ಲ. ಅವರ ಕೈಗೆ ಸಹಿ ಮಾಡಿದ ಇನ್‌ವಾಯ್ಸ್ ಕೊಟ್ಟಿದ್ದೀರಿ, ಅದರಲ್ಲಿ ಅರ್ಧ ಬೆಲೆಯೇ ಇದೆ. ಯಾವ ಕೋರ್ಟಿಗೆ ಹೋಗಿ ಉಳಿದರ್ಧ ಕೇಳುತ್ತೀರಿ?

ತಮಾಷೆ ಏನೆಂದರೆ, ಇದರಿಂದ ಅವರಿಗೂ ದೊಡ್ಡ ಲಾಭ ಇಲ್ಲ. ಪೂರ್ವ ಆಫ್ರಿಕಾ ಸಮುದಾಯದ ದೇಶಗಳಿಗೆಲ್ಲ ಒಂದೇ ಸುಂಕ ಪಟ್ಟಿ. ಅದರಲ್ಲಿ 0, 10, 25, 35 ಎಂಬ ಶೇಕಡಾ ದರಗಳಿವೆ. ಶೇ. 35ರ ದರ ಸೇರಿದ್ದು 2022ರ ಜುಲೈಯಲ್ಲಿ. ಮೇವಿನ ಯಂತ್ರದಂಥ ಕೃಷಿ ಯಂತ್ರಗಳು ಸಾಮಾನ್ಯವಾಗಿ ಶೂನ್ಯ ದರದಲ್ಲಿ ಬರುತ್ತವೆ. ಇನ್ನು ಅವರು ಕಟ್ಟುವುದು ಐಡಿಎಫ್ ಶುಲ್ಕ ಶೇ. 2.5, ರೈಲ್ವೆ ಅಭಿವೃದ್ಧಿ ಲೆವಿ ಶೇ. 2, ವ್ಯಾಟ್ ಅನ್ವಯಿಸಿದರೆ ಶೇ. 16. ವ್ಯಾಟ್ ನೋಂದಣಿ ಇರುವ ವ್ಯಾಪಾರಿ ಅದನ್ನು ಮಾರಾಟದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ಇನ್ನೊಂದು ಕಡೆ, ಅಲ್ಲಿನ ತೆರಿಗೆ ಇಲಾಖೆ ಕೆಆರ್‌ಎ ಬಳಿ ಹಿಂದಿನ ಆಮದುಗಳ ಬೆಲೆ ದಾಖಲೆ ಇದೆ. ಬೆಲೆ ತೀರಾ ಕಡಿಮೆ ಕಂಡರೆ ಅವರೇ ಏರಿಸಿ ಲೆಕ್ಕ ಹಾಕುತ್ತಾರೆ. ಸಿಒಸಿಯಲ್ಲೂ ಬೆಲೆ ನಮೂದಾಗುತ್ತೆ. ಈ ಲೆಕ್ಕವನ್ನು ನಿಮ್ಮ ಖರೀದಿದಾರರ ಮುಂದೆ ಮೃದುವಾಗಿ ಇಡಿ. ಜಗಳ ಮಾಡದೆ ಒಪ್ಪಿಸಲು ಇದಕ್ಕಿಂತ ಒಳ್ಳೆಯ ವಾದ ನನಗೆ ಗೊತ್ತಿಲ್ಲ.

ಸರ್ಟಿಫಿಕೇಟ್ ಆಫ್ ಒರಿಜಿನ್ ಬಗ್ಗೆ ನಿಮ್ಮ ಸ್ನೇಹಿತರು ಹೇಳಿದ್ದು ಬೇರೆ ದೇಶಗಳಿಗೆ ಸರಿ. ಯುಎಇ, ಜಪಾನ್, ಆಸ್ಟ್ರೇಲಿಯಾ ಜೊತೆ ಒಪ್ಪಂದ ಇದೆ, ಸುಂಕ ಇಳಿಯುತ್ತೆ. ಕೆನ್ಯಾ ಜೊತೆ ಭಾರತಕ್ಕೆ ಅಂಥ ಒಪ್ಪಂದ ಇಲ್ಲ. ಹಾಗಾಗಿ ನಿಮಗೆ ಸಿಗುವುದು ಸರಕು ಭಾರತದ್ದು ಅಂತಷ್ಟೇ ಹೇಳುವ ಸಾಮಾನ್ಯ ಸರ್ಟಿಫಿಕೇಟ್. ಆದರೂ ಮಾಡಿಸಿ. ಕೆನ್ಯಾದ ಕಸ್ಟಮ್ಸ್ ಕೇಳುತ್ತೆ, ಬ್ಯಾಂಕ್ ಕೇಳುತ್ತೆ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಇ-ಸಿಒಒ ಪೋರ್ಟಲ್‌ನಲ್ಲೇ ಅರ್ಜಿ, ಖರ್ಚು ತೀರಾ ಕಡಿಮೆ.

ಸಿಐಎಫ್ ಬೇಡ, ಸಿಎಫ್‌ಆರ್ ಹೇಳಿ

ಸಿಐಎಫ್ ಅಂದರೆ ವಿಮೆಯೂ ನಿಮ್ಮದು. ಆದರೆ ಕೆನ್ಯಾದ ಕಾನೂನಿನ ಪ್ರಕಾರ ಆಮದು ಸರಕಿನ ಸಮುದ್ರ ವಿಮೆಯನ್ನು ಅಲ್ಲಿನ ಕಂಪನಿಯಿಂದಲೇ ಮಾಡಿಸಬೇಕು. 2017ರಿಂದ ಇದನ್ನು ಜಾರಿ ಮಾಡುತ್ತಿದ್ದಾರೆ. ನೀವು ಬೆಳಗಾವಿಯಲ್ಲಿ ವಿಮೆ ಕಟ್ಟಿ, ಅವರು ನೈರೋಬಿಯಲ್ಲಿ ಮತ್ತೆ ಕಟ್ಟಿದರೆ ಒಂದೇ ಸರಕಿಗೆ ಎರಡು ಖರ್ಚು. ಸಾಗಣೆ ನಿಮ್ಮದು, ವಿಮೆ ಅವರದು ಅನ್ನುವ ಸಿಎಫ್‌ಆರ್ ಮೊಂಬಾಸಾ ಷರತ್ತು ಹಾಕಿ. ಹಡಗು ಹೊರಡುವ ಮೊದಲು ಅವರ ವಿಮೆಯ ಪ್ರತಿ ತರಿಸಿಕೊಳ್ಳಿ. ದುಡ್ಡು ಇನ್ನೂ ಪೂರ್ತಿ ಬಂದಿಲ್ಲದ ಸರಕು ಸಮುದ್ರದಲ್ಲಿ ಇರುವಾಗ ಅದರ ವಿಮೆ ನಿಜವಾಗಿ ಇದೆಯೋ ಇಲ್ಲವೋ ಅನ್ನುವುದು ನಿಮ್ಮ ಕಾಳಜಿಯೇ.

ಸರಕು ಎಲ್ಲಿ ಬಿಡಿಸುತ್ತಾರೆ ಅನ್ನುವುದನ್ನೂ ಈಗಲೇ ಕೇಳಿ. ಮೊಂಬಾಸಾ ಬಂದರಿನಲ್ಲೋ, ರೈಲಿನಲ್ಲಿ ನೈರೋಬಿಯ ಒಳನಾಡು ಡಿಪೋಗೆ ತರಿಸಿಕೊಂಡೋ? ಬಿಲ್ ಆಫ್ ಲೇಡಿಂಗ್‌ನಲ್ಲಿ ಅದೇ ಬರಬೇಕು, ಆಮೇಲೆ ಬದಲಿಸಲು ದುಡ್ಡು, ದಿನ ಎರಡೂ ಹೋಗುತ್ತವೆ. ಮಾತಿನ ಮಧ್ಯೆ 'ಸ್ವಲ್ಪ ಯಂತ್ರ ಕಂಪಾಲಾಕ್ಕೂ ಹೋಗುತ್ತೆ' ಅಂದರೆ ನಿಲ್ಲಿಸಿ ಕೇಳಿ. ಉಗಾಂಡಾಕ್ಕೆ ಅದರದ್ದೇ ಪರಿಶೀಲನಾ ವ್ಯವಸ್ಥೆ ಇದೆ. ಕೆನ್ಯಾದ ಸಿಒಸಿ ಅಲ್ಲಿ ನಡೆಯುವುದಿಲ್ಲ.

ಇನ್ನು ಪ್ಯಾಕಿಂಗ್. ಮರದ ಪ್ಯಾಲೆಟ್ ಅಥವಾ ಪೆಟ್ಟಿಗೆ ಬಳಸಿದರೆ ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ಮರದ ಪ್ಯಾಕಿಂಗ್ ನಿಯಮದ ಪ್ರಕಾರ ಸಂಸ್ಕರಿಸಿದ್ದೇ ಆಗಿರಬೇಕು. ಶಾಖದಿಂದ ಸಂಸ್ಕರಿಸಿದರೆ ಮರದ ಒಳತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾದಿರಬೇಕು, ಮರದ ಮೇಲೆ ಗೋಧಿ ತೆನೆಯ ಚಿತ್ರವಿರುವ ಮುದ್ರೆ ಇರಬೇಕು. ಉದ್ಯಮಬಾಗದ ಮೂಲೆಯಲ್ಲಿ ಸಿಕ್ಕ ಹಳೇ ಪೆಟ್ಟಿಗೆ ಮುರಿದು ಹೊಡೆದ ಹಲಗೆ ಒಂದೇ ಒಂದಿದ್ದರೂ ಸಾಕು, ತೊಂದರೆ ಕೊಡಲು. ಕಂಟೇನರ್ ಒಳಗೆ ಅಡ್ಡಗಟ್ಟುವ ತುಂಡುಗಳಿಗೂ ಇದೇ ನಿಯಮ, ಇದನ್ನು ಬಹಳ ಜನ ಮರೆಯುತ್ತಾರೆ. ಪ್ಲಾಸ್ಟಿಕ್ ಚೀಲಗಳನ್ನು ಕೆನ್ಯಾ 2017ರ ಆಗಸ್ಟ್ 28ರಿಂದ ನಿಷೇಧಿಸಿದೆ, ಶಿಕ್ಷೆಯೂ ಕಠಿಣ. ಕಾರ್ಖಾನೆಯಲ್ಲೇ ಸರಕಿಗೆ ಸುತ್ತುವ ಕೈಗಾರಿಕಾ ಪ್ಯಾಕಿಂಗಿಗೆ ವಿನಾಯಿತಿ ಇದೆ ನಿಜ. ಆದರೂ ನಟ್ಟು, ಬೋಲ್ಟು, ಸ್ಪ್ಯಾನರ್ ತುಂಬಿದ ಬಿಡಿ ಚೀಲಗಳನ್ನು ಬಟ್ಟೆಯದ್ದೋ ರಟ್ಟಿನದ್ದೋ ಮಾಡಿದರೆ ವಾದವೇ ಇರುವುದಿಲ್ಲ.

ನಮ್ಮ ಕಡೆಯ ಕಾಗದ

ಇದರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನಿಮ್ಮ ಕಸ್ಟಮ್ಸ್ ಬ್ರೋಕರ್ ಬಹುಪಾಲು ನೋಡಿಕೊಳ್ಳುತ್ತಾರೆ. ಐಇಸಿಯನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಡಿಜಿಎಫ್‌ಟಿ ಪೋರ್ಟಲ್‌ನಲ್ಲಿ ದೃಢೀಕರಿಸಬೇಕು, ಏನೂ ಬದಲಾಗದಿದ್ದರೂ. ನೀವು ಐಇಸಿ ತೆಗೆದು ಸುಮ್ಮನೆ ಇಟ್ಟಿದ್ದರೆ ಅದು ನಿಷ್ಕ್ರಿಯವಾಗಿರುವ ಸಾಧ್ಯತೆ ಇದೆ, ಇವತ್ತೇ ನೋಡಿ. ಬ್ಯಾಂಕಿನಿಂದ ಎಡಿ ಕೋಡ್ (ವಿದೇಶಿ ವಿನಿಮಯ ನಡೆಸುವ ಬ್ಯಾಂಕ್ ಶಾಖೆಯ ಸಂಖ್ಯೆ) ಪತ್ರ ತೆಗೆದು ಸರಕು ಹೊರಡುವ ಬಂದರಿಗೆ ನೋಂದಾಯಿಸಿ. ಬೆಳಗಾವಿಯಿಂದ ಮೊಂಬಾಸಾಗೆ ಮುಂಬೈ ಬಳಿಯ ನವಾ ಶೇವಾ ಬಂದರು ಅನುಕೂಲ. ಜಿಎಸ್‌ಟಿ ಕಟ್ಟದೆ ಕಳಿಸಲು ಎಲ್‌ಯುಟಿ ಎಂಬ ಮುಚ್ಚಳಿಕೆ ಸಲ್ಲಿಸಿ, ಅದು ಆಯಾ ಹಣಕಾಸು ವರ್ಷಕ್ಕೆ ಮಾತ್ರ. ಎಂಜಿನಿಯರಿಂಗ್ ಸರಕಿಗೆ ಇಇಪಿಸಿ ಎಂಬ ರಫ್ತು ಉತ್ತೇಜನ ಮಂಡಳಿಯ ಸದಸ್ಯತ್ವ ಪಡೆದರೆ ಮುಂದೆ ಉಪಯೋಗ. ರೋಡ್‌ಟೆಪ್ (ರಫ್ತು ಸರಕಿನ ಮೇಲಿನ ತೆರಿಗೆ ವಾಪಸ್ ಕೊಡುವ ಯೋಜನೆ) ಲಾಭ ಬೇಕಾದರೆ ಶಿಪ್ಪಿಂಗ್ ಬಿಲ್‌ನಲ್ಲೇ ಅದನ್ನು ಘೋಷಿಸಬೇಕು. ಬ್ರೋಕರ್‌ಗೆ ಮೊದಲೇ ಹೇಳಿ, ಆಮೇಲೆ ಸೇರಿಸುವುದು ಕಷ್ಟ. ಕಂಟೇನರಿನ ತೂಕದ ಘೋಷಣೆ, ಅಂದರೆ ವಿಜಿಎಂ, 2016ರ ಜುಲೈಯಿಂದ ಕಡ್ಡಾಯ.

ಎಲ್‌ಯುಟಿ ಇಲ್ಲದೆ ಐಜಿಎಸ್‌ಟಿ ಕಟ್ಟಿ ಕಳಿಸಿದರೆ, ಜಿಎಸ್‌ಟಿ ರಿಟರ್ನ್‌ನಲ್ಲಿ ಹಾಕಿದ ಇನ್‌ವಾಯ್ಸ್ ಸಂಖ್ಯೆಗೂ ಶಿಪ್ಪಿಂಗ್ ಬಿಲ್‌ನ ಸಂಖ್ಯೆಗೂ ಒಂದು ಗೆರೆ ಹೆಚ್ಚು ಕಡಿಮೆ ಆದರೂ ಐಜಿಎಸ್‌ಟಿ ಮರುಪಾವತಿ ನಿಲ್ಲುತ್ತೆ. ಸರಕು ಹೊರಟ ಮೇಲೆ ಹಡಗು ಕಂಪನಿ ಇಜಿಎಂ, ಅಂದರೆ ಹೊರಟ ಸರಕಿನ ಪಟ್ಟಿ ಸಲ್ಲಿಸಿದೆಯಾ ಎಂದು ಕಸ್ಟಮ್ಸ್‌ನ ಐಸ್‌ಗೇಟ್ ಪೋರ್ಟಲ್‌ನಲ್ಲಿ ನೋಡಿ. ಹಣ ಬಂದ ಮೇಲೆ ಡಿಜಿಎಫ್‌ಟಿ ಪೋರ್ಟಲ್‌ನಲ್ಲಿ ಇ-ಬಿಆರ್‌ಸಿ, ಅಂದರೆ ರಫ್ತಿನ ಹಣ ಬಂದ ದೃಢೀಕರಣ ಪತ್ರ ನೀವೇ ಮಾಡಿಕೊಳ್ಳಬಹುದು. ರಫ್ತಿನ ಹಣ ತರಿಸಿಕೊಳ್ಳಲು ಇದ್ದ 9 ತಿಂಗಳ ಗಡುವನ್ನು ರಿಸರ್ವ್ ಬ್ಯಾಂಕ್ 2025ರ ನವೆಂಬರ್‌ನಲ್ಲಿ 15 ತಿಂಗಳಿಗೆ ಏರಿಸಿದೆ. ಅದನ್ನು ನಿಮ್ಮ ಖರೀದಿದಾರರಿಗೆ ಹೇಳುವ ಅಗತ್ಯ ಇಲ್ಲ.

ಹಣ: ಯಾವ ದಾರಿ, ಎಷ್ಟು ಅಪಾಯ

ಶೇ. 30 ಮುಂಗಡ, ಉಳಿದದ್ದು ಬಿಲ್ ಆಫ್ ಲೇಡಿಂಗ್ ಪ್ರತಿ ನೋಡಿ. ಈ ಷರತ್ತು ಎಲ್ಲ ಕಡೆ ಇರುವುದೇ, ಅನ್ಯಾಯದ್ದಲ್ಲ. ನೀವು ಕಳಿಸುವುದು ಸ್ಕ್ಯಾನ್ ಪ್ರತಿ, ಮೂಲ ಪ್ರತಿಗಳು ನಿಮ್ಮ ಕೈಯಲ್ಲೇ ಇರುತ್ತವೆ. ಅಪಾಯ ಬರುವುದು ಆಮೇಲೆ. ನವಾ ಶೇವಾದಿಂದ ಮೊಂಬಾಸಾ ಹತ್ತಿರದ ದಾರಿ. ಹಡಗು ನೇರ ಹೋದರೆ ಬೇಗ ತಲುಪುತ್ತೆ. 'ಕೊರಿಯರ್ ತಡವಾಗುತ್ತೆ, ಟೆಲೆಕ್ಸ್ ರಿಲೀಸ್ ಕೊಡಿ, ದುಡ್ಡು ನಾಳೆ ಹಾಕುತ್ತೇನೆ' ಅನ್ನುವ ಫೋನ್ ಬರುತ್ತೆ. ಟೆಲೆಕ್ಸ್ ರಿಲೀಸ್ ಅಂದರೆ ಮೂಲ ಬಿಲ್ ಆಫ್ ಲೇಡಿಂಗ್ ಇಲ್ಲದೆಯೇ ಸರಕು ಕೊಡಲು ಹಡಗು ಕಂಪನಿಗೆ ನೀವು ಕೊಡುವ ಒಪ್ಪಿಗೆ, ಅದನ್ನು ಕೊಟ್ಟ ಕ್ಷಣ ಸರಕಿನ ಮೇಲಿನ ನಿಮ್ಮ ಹಿಡಿತ ಹೋಯಿತು. ಹಣ ಖಾತೆಗೆ ಬಂದ ಮೇಲೇ ಕೊಡಿ. ಬ್ಯಾಂಕಿನ ಸ್ವಿಫ್ಟ್ ಸಂದೇಶದ ಫೋಟೋ ಹಣ ಅಲ್ಲ.

ಎರಡನೇ ಅಪಾಯ, ಸರಕು ತಲುಪಿದ ಮೇಲೆ ಚೌಕಾಸಿ. 'ಇಲ್ಲಿ ಬೆಲೆ ಇಳಿದಿದೆ, ಶೇ. 15 ಬಿಡಿ' ಅಂದರೆ ಏನು ಮಾಡುತ್ತೀರಿ? 21 ದಿನದೊಳಗೆ ಘೋಷಣೆ ಸಲ್ಲಿಸದ ಸರಕನ್ನು ಅಲ್ಲಿನ ಕಸ್ಟಮ್ಸ್ ತನ್ನ ಗೋದಾಮಿಗೆ ಹಾಕಿಸಿ, ನೋಟಿಸ್ ಕೊಟ್ಟು ಹರಾಜು ಹಾಕಬಹುದು. ವಾಪಸ್ ತರಲು, ಬೇರೆಯವರಿಗೆ ಮಾರಲು ಸಾಮಾನ್ಯವಾಗಿ ಮೊದಲ ಖರೀದಿದಾರರ ಒಪ್ಪಿಗೆ ಪತ್ರವನ್ನೇ ಕೇಳುತ್ತಾರೆ. ಅದಕ್ಕೇ ಮುಂಗಡದ ಬಗ್ಗೆ ನನ್ನ ಅಳತೆ ಹೀಗಿದೆ. ಹೋಗುವ ಸಾಗಣೆ, ಬರುವ ಸಾಗಣೆ, ಮೊಂಬಾಸಾದ ಒಂದು ತಿಂಗಳ ಬಾಡಿಗೆ, ಇಷ್ಟನ್ನು ಕೂಡಿಸಿ. ಮುಂಗಡ ಅದಕ್ಕಿಂತ ಜಾಸ್ತಿ ಇರಲಿ. ಭಾರವಾದ, ಬೆಲೆ ಕಡಿಮೆಯ ಯಂತ್ರಕ್ಕೆ ಶೇ. 30 ಸಾಕಾಗದೇ ಹೋಗಬಹುದು. ಲೆಕ್ಕ ಹಾಕಿ 40 ಅಥವಾ 50 ಕೇಳಿ.

ಅವರು ಒಪ್ಪದಿದ್ದರೆ ಲೆಟರ್ ಆಫ್ ಕ್ರೆಡಿಟ್ ಇದೆ, ಅಂದರೆ ಕಾಗದ ಸರಿಯಿದ್ದರೆ ಹಣ ಕೊಡುತ್ತೇವೆ ಎಂಬ ಬ್ಯಾಂಕಿನ ಖಾತರಿ. ಭದ್ರ, ಆದರೆ ಎರಡೂ ಕಡೆ ಬ್ಯಾಂಕ್ ಖರ್ಚು. ಒಂದು ಅಕ್ಷರ ತಪ್ಪಿದರೂ ಬ್ಯಾಂಕ್ ತಕರಾರು ತೆಗೆಯುತ್ತೆ. ಅದರಲ್ಲಿ ಸಿಒಸಿ ಕೇಳಿದ್ದರೆ, ಬರುವ ದಿನಕ್ಕೆ ತಕ್ಕಷ್ಟು ಗಡುವು ಇರಲಿ. ಯಾವ ದಾರಿ ಹಿಡಿದರೂ ಇಸಿಜಿಸಿ (ರಫ್ತು ಸಾಲ ವಿಮೆಯ ಸರ್ಕಾರಿ ಕಂಪನಿ) ಪಾಲಿಸಿ ತೆಗೆದುಕೊಳ್ಳಿ ಅನ್ನುವುದು ನನ್ನ ಸಲಹೆ. ಅವರು ಖರೀದಿದಾರರ ಬಗ್ಗೆ ವಿಚಾರಿಸಿ ಇಷ್ಟು ಮಿತಿ ಅಂತ ಹೇಳುತ್ತಾರೆ, ಆ ಮಾಹಿತಿಯೇ ಪ್ರೀಮಿಯಂಗೆ ಸಮ. ನೀವೂ ವಿಚಾರಿಸಬಹುದು. ಖರೀದಿದಾರರ ಕೆಆರ್‌ಎ ಪಿನ್, ಅಂದರೆ ತೆರಿಗೆ ಸಂಖ್ಯೆ ಕೇಳಿ, ಅದು ಸರಿಯೇ ಎಂದು ಕೆಆರ್‌ಎ ಪೋರ್ಟಲ್‌ನಲ್ಲಿ ನೋಡಬಹುದು. ಲಿಮಿಟೆಡ್ ಕಂಪನಿ ಆಗಿದ್ದರೆ ಸಿಆರ್12 ಎಂಬ ಪತ್ರ ಕೇಳಿ. ಅದರಲ್ಲಿ ನಿರ್ದೇಶಕರ ಹೆಸರಿರುತ್ತೆ. ನಿಜವಾದ ವ್ಯಾಪಾರಿ ಇದನ್ನು ಕೊಡಲು ಬೇಜಾರು ಮಾಡಿಕೊಳ್ಳುವುದಿಲ್ಲ.

ಇಷ್ಟೆಲ್ಲ ಮೊದಲ ಸಲಕ್ಕೆ ಬೇಡಪ್ಪ ಅನಿಸಿದರೆ ಇನ್ನೊಂದು ದಾರಿ ಇದೆ. ಕೆನ್ಯಾಕ್ಕೆ ನಿಯಮಿತವಾಗಿ ಕಳಿಸುವ ಮುಂಬೈಯ ಮರ್ಚೆಂಟ್ ಎಕ್ಸ್‌ಪೋರ್ಟರ್‌ಗೆ ನೀವು ಮಾರಿ, ಅವರು ರಫ್ತು ಮಾಡಲಿ. ಅವರಿಗೆ ಶೇ. 0.1 ಜಿಎಸ್‌ಟಿಯಲ್ಲಿ ಮಾರಬಹುದು, ನಿಮ್ಮ ಇನ್‌ವಾಯ್ಸ್‌ನಿಂದ 90 ದಿನದೊಳಗೆ ಸರಕು ದೇಶ ಬಿಡಬೇಕು. ಹಣ ಬೇಗ ಬರುತ್ತೆ, ತಲೆನೋವು ಅವರದು. ಲಾಭ ಕಡಿಮೆ, ನಕುರುವಿನ ಖರೀದಿದಾರರೂ ಕ್ರಮೇಣ ಅವರ ಗ್ರಾಹಕರಾಗುತ್ತಾರೆ. ನಾನಾಗಿದ್ದರೆ ಖರೀದಿದಾರರು ತಾವಾಗಿ ಹುಡುಕಿಕೊಂಡು ಬಂದಿರುವಾಗ ಈ ದಾರಿ ಹಿಡಿಯುತ್ತಿರಲಿಲ್ಲ. ಆದರೆ ಒಂದು ಕಂಟೇನರಿನ ಹಣ ಮೂರು ತಿಂಗಳು ಸಿಕ್ಕಿಬಿದ್ದರೆ ನಿಮ್ಮ ಸಂಬಳದ ದಿನ ಏನಾಗುತ್ತೆ ಅನ್ನುವುದು ನಿಮಗೇ ಗೊತ್ತು.

ಈಗ ಮಾಡಬೇಕಾದದ್ದು ಒಂದು ಇಮೇಲ್. ಸಲಹೆಗಾರರಿಗೆ ದುಡ್ಡು ಕೊಡಬೇಡಿ. ನಕುರುವಿಗೆ ಬರೆಯಿರಿ: ನಿಮ್ಮ ಕೆಆರ್‌ಎ ಪಿನ್ ಮತ್ತು ಕಂಪನಿ ಪತ್ರ ಕಳಿಸಿ, ಪ್ರೊಫಾರ್ಮಾ ಪೂರ್ಣ ಬೆಲೆಯಲ್ಲಿ ಕಳಿಸುತ್ತಿದ್ದೇವೆ, ಅದರ ಮೇಲೆ ಐಡಿಎಫ್ ತೆಗೆದು ಸಂಖ್ಯೆ ಕೊಡಿ, ಸಿಒಸಿ ನಾವೇ ಇಲ್ಲಿ ಮಾಡಿಸುತ್ತೇವೆ, ಅದರ ಖರ್ಚು ಬೆಲೆಯಲ್ಲೇ ಸೇರಿದೆ, ಷರತ್ತು ಸಿಎಫ್‌ಆರ್ ಮೊಂಬಾಸಾ, ವಿಮೆ ನಿಮ್ಮದು. ಸಿಒಸಿ ಖರ್ಚು ನಮ್ಮದೇ ಎಂದು ನೀವು ಬರೆದ ಕೂಡಲೇ ಅವರ ಅರ್ಧ ತಕರಾರು ಮುಗಿಯುತ್ತೆ ಅಂತ ನನ್ನ ಅಂದಾಜು. ಉತ್ತರ ಬರುವವರೆಗೆ ಮೋಟಾರ್ ಕೊಟ್ಟವರಿಂದ ಪರೀಕ್ಷಾ ವರದಿ ತರಿಸಿ. ಬೆಂಗಳೂರಿನ ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರದಲ್ಲಿ ಹೊಸ ರಫ್ತುದಾರರಿಗೆ ರಾಜ್ಯ ಸರ್ಕಾರದ ಯಾವ ನೆರವು ಸದ್ಯ ಇದೆ ಎಂದೂ ವಿಚಾರಿಸಿ.